ಕುಂಕುಮದ ಕೆಳಗಿದ್ದ ತಾರೀಖು

ಮೂರು ವರ್ಷದ ಹಿಂದೆ, ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವ, 24 ಅಡಿ ಉದ್ದದ ಹಳೆಯ ಟ್ರೈಲರ್ ಮನೆಯೊಂದನ್ನು ಕೊಂಡ ಮೊದಲ ಆಯುಧಪೂಜೆ. ಅಮೆರಿಕದ ಮಿನ್ನೆಸೋಟದಲ್ಲಿ ಬೂದುಗುಂಬಳ ಎಲ್ಲಿಂದ ಬರಬೇಕು? ಹ್ಯಾಲೋವೀನ್‌ಗೆಂದು ಅಂಗಡಿಯ ಮುಂದೆ ರಾಶಿ ಹಾಕಿದ್ದ ಕಿತ್ತಳೆ ಬಣ್ಣದ ಕುಂಬಳವನ್ನೇ ಒಡೆದೆ. ಪಕ್ಕದ ಮನೆಯ ಹಿರಿಯರು ಬೇಲಿಯಾಚೆಯಿಂದ ಎಲ್ಲವನ್ನೂ ನೋಡಿ, ಕೊಟ್ಟ ಉಸಲಿಯನ್ನು ಮೆಚ್ಚಿ ತಿಂದರು. ಆಮೇಲೆ ಟೈರಿನ ಬಳಿ ಮಂಡಿಯೂರಿ, ನಾನು ಹಚ್ಚಿದ್ದ ಕುಂಕುಮವನ್ನು ಹೆಬ್ಬೆರಳಿನಿಂದ ಒರೆಸಿ, ಅಡಿಯಲ್ಲಿದ್ದ ನಾಲ್ಕು ಅಂಕಿಗಳನ್ನು ಓದಿದರು: 3214.

2014ರ ಮೂವತ್ತೆರಡನೆಯ ವಾರದಲ್ಲಿ ತಯಾರಾದ ಟೈರು ಎಂದು ಅದರ ಅರ್ಥವಂತೆ. ಗ್ರಿಪ್ ಹೊಸದರಂತಿತ್ತು, ಏಕೆಂದರೆ ಇಂಥ ಬಂಡಿಗಳು ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು. ಇವುಗಳ ಟೈರು ಸವೆದು ಸಾಯುವುದಿಲ್ಲ, ಬಿಸಿಲಿಗೆ ಪಕ್ಕೆ ಬಿರಿದು, ಮುಪ್ಪಿನಿಂದ ಸಾಯುತ್ತದೆ. ಅವರು ತಮ್ಮದನ್ನು ಆರನೆಯ ವರ್ಷಕ್ಕೆ ಬದಲಿಸುತ್ತಾರೆ. ನಾನು ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು, ಇದೇ ಟೈರುಗಳ ಮೇಲೆ ಟ್ರೈಲರನ್ನು ಎಳೆದುಕೊಂಡು ಸುಪೀರಿಯರ್ ಸರೋವರದ ದಂಡೆಯವರೆಗೂ ಹೋಗಿ ಬಂದಿದ್ದೆ.

ಅವಮಾನವಾಯಿತು ಎಂದೇ ಹೇಳಬೇಕು. ಹಾಸನದ ನಮ್ಮ ಮನೆಯಲ್ಲಿ ವಾಹನದ ಆರೈಕೆ ಎಂದರೆ ವರ್ಷಕ್ಕೊಮ್ಮೆ ತೊಳೆದು ಹಾರ ಹಾಕುವುದು, ನಿಂತುಹೋದರೆ ಮೆಕ್ಯಾನಿಕ್‌ಗೆ ಹೇಳಿ ಕಳಿಸುವುದು. ಇವೆರಡರ ನಡುವಿನ ದಿನಗಳಿಗೆ ಒಂದೇ ಮಂತ್ರ: ಓಡುತ್ತಿದೆಯಲ್ಲ, ಸುಮ್ಮನೆ ಏಕೆ ಕೈ ಹಾಕುವುದು?

ಪಕ್ಕದ ಮನೆಯವರ ಬಳಿ ಇರುವುದು ಒಂದು ನೋಟ್‌ಬುಕ್. ವಸಂತದಲ್ಲೊಮ್ಮೆ, ಚಳಿಗೆ ಮುಂಚೆ ಇನ್ನೊಮ್ಮೆ ಏಣಿ ಹತ್ತಿ ನೀರು ಸೋರದಂತೆ ಸೂರಿನ ಅಂಚಿಗೆ ಹಚ್ಚಿದ ಅಂಟು ಬಿರಿದಿದೆಯೇ ಎಂದು ನೋಡುತ್ತಾರೆ. ಇಲಿ ನುಗ್ಗುವ ತೂತುಗಳಿಗೆ ಉಕ್ಕಿನ ನಾರು ತುರುಕುತ್ತಾರೆ. ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿಡುತ್ತಾರೆ, ಖಾಲಿ ಬ್ಯಾಟರಿ ಬೇಗ ಹೆಪ್ಪುಗಟ್ಟುತ್ತದೆ ಎಂದು.

ಎಲ್ಲಕ್ಕಿಂತ ದೊಡ್ಡ ಕೆಲಸ ನೀರಿನದು, ಅದು ಬರುವುದು ನಮ್ಮ ನವಮಿಯ ಆಸುಪಾಸಿನಲ್ಲೇ. ಇಲ್ಲಿ ಸೊನ್ನೆಗಿಂತ 30 ಡಿಗ್ರಿ ಕೆಳಗಿಳಿಯುವ ರಾತ್ರಿಗಳಿವೆ. ನೀರು ಹೆಪ್ಪುಗಟ್ಟಿದಾಗ ಶೇಕಡಾ ಒಂಬತ್ತರಷ್ಟು ಉಬ್ಬುತ್ತದೆ, ಪೈಪು ಉಬ್ಬುವುದಿಲ್ಲ. ಆದ್ದರಿಂದ ಟ್ಯಾಂಕು ಬರಿದು ಮಾಡಬೇಕು. ನೀರು ಕಾಯಿಸುವ ಹೀಟರನ್ನೂ ಬರಿದು ಮಾಡಿ, ತೊಟ್ಟಿಯ ಬದಲು ತಾನು ತುಕ್ಕು ಹಿಡಿದು ಸವೆಯುವ ಆನೋಡ್ ಸಲಾಕೆ ಎಷ್ಟು ಉಳಿದಿದೆ ಎಂದು ನೋಡಬೇಕು. ಹೀಟರಿನೊಳಗೆ ಹೋಗದಂತೆ ಬೈಪಾಸ್ ತಿರುವಿ, ಚಳಿಗೆ ಪೈಪು ಒಡೆಯದಂತೆ ಕಾಯುವ ಗುಲಾಬಿ ಬಣ್ಣದ ಪ್ರೊಪಿಲೀನ್ ಗ್ಲೈಕಾಲ್ ದ್ರವವನ್ನು ಪಂಪಿನಿಂದ ಎಳೆಸಿ, ಒಂದೊಂದು ನಲ್ಲಿಯಲ್ಲೂ ಗುಲಾಬಿ ಕಾಣುವವರೆಗೆ ಬಿಡಬೇಕು. ಕಾರಿನ ರೇಡಿಯೇಟರಿಗೆ ಹಾಕುವ ಎಥಿಲೀನ್ ಗ್ಲೈಕಾಲ್ ವಿಷ, ಅದು ಇಲ್ಲಿಗೆ ಕೂಡದು. ಮೊದಲ ವರ್ಷ ಇದೆಲ್ಲವನ್ನೂ ಮಾಡಿ ಬೀಗಿದ್ದೆ. ಹೊರಗೋಡೆಯ ಚಿಕ್ಕ ಶವರ್ ಒಂದನ್ನು ಮರೆತಿದ್ದೆ. ಏಪ್ರಿಲ್‌ನಲ್ಲಿ ನೀರು ಬಿಟ್ಟಾಗ ಹಾಸಿಗೆಯ ಕೆಳಗಿಂದ ತೊರೆ ಹರಿಯಿತು. ಹಿರಿಯರು ನಗಲಿಲ್ಲ. ತಮ್ಮ ನೋಟ್‌ಬುಕ್ಕಿನ ಒಂದು ಸಾಲನ್ನು ತೋರಿಸಿದರು: ಹೊರಗಿನ ಶವರ್, ಅಡಿಯಲ್ಲಿ ಎರಡು ಗೆರೆ. ಅವರೂ ಒಮ್ಮೆ ಮರೆತಿದ್ದರಂತೆ.

ಊರಿನವರಿಗೆ ಈ ಬುದ್ಧಿ ಏಕಿಲ್ಲ ಎಂದು ಬಹಳ ದಿನ ಹೆಂಡತಿಯ ತಲೆ ತಿಂದೆ. ಈಗಲೂ ಆ ಮಾತನ್ನು ಹಿಂದೆಗೆದುಕೊಳ್ಳುವುದಿಲ್ಲ. ಆದರೆ ಕಳೆದ ಅಕ್ಟೋಬರಿನಲ್ಲಿ ಟ್ರೈಲರಿನ ಪಕ್ಕದಿಂದ ಮೋಟಾರಿನ ಬಲದಲ್ಲಿ ಹೊರಜಾರುವ ಕೋಣೆ ಅರ್ಧಕ್ಕೇ ಸಿಕ್ಕಿಕೊಂಡಿತು. ಹಿರಿಯರು ಮಗಳ ಊರಿಗೆ ಹೋಗಿದ್ದರು. ರಿಪೇರಿಯವರು ಐದು ವಾರದಾಚೆಯ ದಿನ ಕೊಟ್ಟರು, ಗಂಟೆಯ ಕೂಲಿ ಕೇಳಿ ನಾನು ಫೋನನ್ನೇ ದಿಟ್ಟಿಸಿದೆ. ಇಲ್ಲಿಯವರು ಎಲ್ಲವನ್ನೂ ತಾವೇ ಮಾಡಿಕೊಳ್ಳುವುದು ಶಿಸ್ತಿನಿಂದ ಮಾತ್ರವಲ್ಲ, ಕರೆದರೆ ಬರುವವರಿಲ್ಲ ಎಂಬುದೂ ಒಂದು ಕಾರಣ. ಹಾಸನದಲ್ಲಾಗಿದ್ದರೆ ರಾತ್ರಿ ಹತ್ತಕ್ಕೂ ಮೆಕ್ಯಾನಿಕ್ ಬಂದು, ಮೋಟಾರಿಗೆ ಕಿವಿಯಿಟ್ಟು, ಕಾಫಿ ಕುಡಿದು ಹೋಗುತ್ತಿದ್ದ. ಅಲ್ಲಿ ಪೈಪು ಒಡೆಯುವ ಚಳಿಯೂ ಇಲ್ಲ, ಅದೂ ನಿಜ.

ಈ ಸಲದ ನವಮಿಯಂದು ಅಪ್ಪನಿಗೆ ಫೋನ್ ಮಾಡಿ, ಪೂಜೆಯ ಸುದ್ದಿಯ ಬದಲು ನಾಲ್ಕು ಅಂಕಿಗಳ ಕಥೆ ಹೇಳಿದೆ. ಅಲ್ಲಿ ಕತ್ತಲಾಗಿತ್ತು. ಟಾರ್ಚ್ ಹಿಡಿದು ಕಾರಿನ ಬಳಿ ಹೋದರು. ಹಾರ ಸರಿಸಿದ ಸದ್ದು, ಸ್ವಲ್ಪ ಹೊತ್ತು ಮೌನ.

"1913 ಅಂತ ಇದೆ," ಎಂದರು. "ಗ್ರಿಪ್ ಚೆನ್ನಾಗಿಯೇ ಇದೆಯಲ್ಲಪ್ಪ."