ಲೋಡ್ ಹಾಕಬೇಡಿ, ಇದು ಪಿಕಪ್

‘1969ರ ಫೋಕ್ಸ್‌ವ್ಯಾಗನ್ ಪಿಕಪ್, ಏರ್‌ಕೂಲ್ಡ್, ಫುಲ್ ರೀಸ್ಟೋರ್, ಹೊಸ ಬಾಡಿ, ಬೇರೆ ಎಂಜಿನ್. ರೇಡಿಯೇಟರ್ ಇಲ್ಲ, ನೀರು ಹಾಕುವ ತಲೆಬಿಸಿಯೂ ಇಲ್ಲ.’ ಹೀಗೊಂದು ಮಾರಾಟದ ಜಾಹೀರಾತು. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮಳೆ ಹೊಯ್ಯುವ ಆಗುಂಬೆ ಸೀಮೆಯವರಿಗೆ ನೀರು ಉಳಿಸಿಕೊಡಲು ಹೊರಟ ಪುಣ್ಯಾತ್ಮರಿವರು.

ತೀರ್ಥಹಳ್ಳಿ, ಸಾಗರದ ಕಡೆ ಹೋಮ್‌ಸ್ಟೇ ಗೇಟಿನಲ್ಲಿ ಎತ್ತಿನಗಾಡಿ ಚಕ್ರ ಒರಗಿಸಿಡುವ ಕಾಲ ಹೋಯಿತು, ಈಗ ಪಿಕಪ್ಪೇ ಬೇಕು. ಜರ್ಮನಿಯವರು 1952ರಲ್ಲಿ ಮೂರೂ ಮಗ್ಗುಲು ಬಿಚ್ಚಿ ಇಳಿಸುವ ಹಾಗೆ ಈ ಗಾಡಿ ಮಾಡಿದ್ದು ಮೂಟೆ ಹೇರಲಿಕ್ಕೆ. ನಮ್ಮವರು ಅದರ ತೊಟ್ಟಿಗೆ ಸಾಗುವಾನಿ ರೀಪು ಹೊಡೆದು, ಪಾಲಿಶ್ ಕೊಟ್ಟು, ಅಡಿಕೆ ಚೀಲ ಇಟ್ಟರೆ ಗೀರು ಬೀಳುತ್ತದೆ ಅನ್ನುತ್ತಾರೆ.

ಇಷ್ಟಾದರೂ ಕೊಳ್ಳುವ ಆಸೆ ಇದ್ದರೆ ಕಿಸೆಯಲ್ಲೊಂದು ಮ್ಯಾಗ್ನೆಟ್ ಇಟ್ಟುಕೊಂಡು ಹೋಗಿ. ಬಾಗಿಲ ಕೆಳಗಿನ ಪಟ್ಟಿ, ಬ್ಯಾಟರಿ ಕೂರುವ ತಟ್ಟೆ, ಮುಂದಿನ ಗಾಜಿನ ರಬ್ಬರಿನ ಸುತ್ತಲಿನ ಅಂಚು, ತೊಟ್ಟಿಯ ಕೆಳಗಿರುವ ಡಿಕ್ಕಿಯ ತಳ: ಮ್ಯಾಗ್ನೆಟ್ ಅಂಟದ ಕಡೆ ತಗಡಿಲ್ಲ, ಪುಟ್ಟಿ ಇದೆ. ಮೊದಲ ಮಳೆಗಾಲಕ್ಕೇ ಅದು ಗುಳ್ಳೆ ಏಳುತ್ತದೆ.

ಎಂಜಿನ್ ಹಿಂದಿದೆ. 1584 ಸಿಸಿ, ಐವತ್ತು ಕುದುರೆಗೂ ಸ್ವಲ್ಪ ಕಮ್ಮಿ. ತಂಪು ಮಾಡುವ ಫ್ಯಾನ್ ಡೈನಮೋ ಶಾಫ್ಟಿನಲ್ಲೇ ಇರುವುದರಿಂದ ಪೂರ್ತಿ ಜೀವ ಒಂದು ಬೆಲ್ಟಿನ ಮೇಲೆ. ಹೆಬ್ಬೆರಳಲ್ಲಿ ಒತ್ತಿದರೆ ಬೆಲ್ಟ್ ಅರ್ಧ ಇಂಚು ಬಗ್ಗಬೇಕು. ಜಾಸ್ತಿ ಬಗ್ಗಿದರೆ ಪುಲ್ಲಿಯ ಎರಡು ಹೋಳುಗಳ ನಡುವಿನ ವಾಷರ್ ಒಂದನ್ನು ತೆಗೆದು ಹೊರಗಡೆ ಹಾಕಿ. ಓಡುವಾಗ ಡೈನಮೋದ ಕೆಂಪು ದೀಪ ಹತ್ತಿತೋ, ಬೆಲ್ಟ್ ತುಂಡಾಗಿರಬಹುದು, ಗಾಡಿ ಅಲ್ಲೇ ನಿಲ್ಲಿಸಿ. ಮುಂದಿನ ಗ್ಯಾರೇಜಿನವರೆಗೆ ಹೋಗೋಣ ಅಂದರೆ ಎಂಜಿನ್ ಬೆಂದಿರುತ್ತದೆ. ಘಾಟಿ ಹತ್ತುವಾಗ ದೊಡ್ಡ ಗೇರಿನಲ್ಲಿ ಎಳೆಸಬಾರದು: ಎಂಜಿನ್ ನಿಧಾನವಾದರೆ ಫ್ಯಾನೂ ನಿಧಾನ. ಆಯಿಲ್ ಕೂಲರ್ ಗಾಳಿಗೆ ಅಡ್ಡ ನಿಂತಿರುವುದರಿಂದ ಮೊದಲು ಬಿಸಿಯಾಗುವುದು 3ನೇ ಸಿಲಿಂಡರ್. 1971ರ ಮಾಡೆಲ್‌ನಿಂದ ಕೂಲರನ್ನು ಆ ಗಾಳಿಯ ದಾರಿಯಿಂದ ಆಚೆ ಸರಿಸಿದರು. ಎಂಜಿನ್ ಸುತ್ತಲಿನ ತಗಡು, ರಬ್ಬರ್ ಸೀಲು ಎಲ್ಲ ಇರಲೇಬೇಕು, ಇಲ್ಲದಿದ್ದರೆ ಕೆಳಗಿನ ಬಿಸಿಗಾಳಿಯನ್ನೇ ಫ್ಯಾನ್ ಮತ್ತೆ ಎಳೆಯುತ್ತದೆ. ರೀಸ್ಟೋರ್ ಮಾಡಿದವರು ಮೊದಲು ಬಿಸಾಡುವುದು ಇದನ್ನೇ, ಕ್ರೋಮ್ ಚೆನ್ನಾಗಿ ಕಾಣಲಿ ಅಂತ. ವಾಲ್ವ್ ಗ್ಯಾಪ್ ಎಂಜಿನ್ ತಣ್ಣಗಿದ್ದಾಗ 0.15 ಮಿ.ಮೀ. ಆಯಿಲ್ ಎರಡೂವರೆ ಲೀಟರ್. ಫಿಲ್ಟರ್ ಇಲ್ಲ, ಬರೀ ಜಾಲರಿ. ಹಾಗಾಗಿ 5,000 ಕಿ.ಮೀ.ಗೆ ಬದಲಿಸುವುದು ತಪ್ಪಿಸಬೇಡಿ.

ಇಷ್ಟೆಲ್ಲ ಸರಿ ಮಾಡಿಕೊಂಡ ಮೇಲೆ ಆರ್‌ಟಿಒ. ನಮ್ಮ ದೇಶದಲ್ಲಿ ಗಾಡಿಗೆ 15 ವರ್ಷಕ್ಕೆ ಮುಪ್ಪು, 50ಕ್ಕೆ ಪರಂಪರೆ. ನಡುವಿನ 35 ವರ್ಷ ಅದನ್ನು ಅಡಿಕೆ ಚಪ್ಪರದಡಿ ಬಚ್ಚಿಡಬೇಕೇನೋ. 2021ರ ವಿಂಟೇಜ್ ನಿಯಮದಂತೆ 20,000 ರೂಪಾಯಿ ಕಟ್ಟಿದರೆ ‘ವಿಎ’ ನಂಬರು, ಹತ್ತು ವರ್ಷಕ್ಕೆ. ಆದರೆ ಗಾಡಿ ಮೂಲ ರೂಪದಲ್ಲೇ ಇರಬೇಕು. ಚಾಸಿ, ಬಾಡಿ, ಎಂಜಿನ್ ಮಾರ್ಪಡಿಸಿರಬಾರದು. ಅಂದರೆ ಜಾಹೀರಾತಿನ ‘ಹೊಸ ಬಾಡಿ, ಬೇರೆ ಎಂಜಿನ್’ ಅನ್ನುವ ಸಾಲು ಅರ್ಜಿಯ ಮುಂದೆ ಮಾರುವವನೇ ಬರೆದುಕೊಟ್ಟ ತಪ್ಪೊಪ್ಪಿಗೆ. ಬಾಡಿಗೆಗೆ ಓಡಿಸುವಂತಿಲ್ಲ, ದಿನವೂ ರಸ್ತೆಗಿಳಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆಗೆ ಒಯ್ಯಬಹುದು. ಪೆಟ್ರೋಲ್ ಹಾಕಿಸಲು, ರಿಪೇರಿ ಮಾಡಿಸಲು ಮಾತ್ರ ಧಾರಾಳ ಅನುಮತಿ. ಈ ಗಾಡಿ ಹೇಗೂ ಬೇರೆಲ್ಲಿಗೂ ಹೋಗುವುದಿಲ್ಲ.