ತೆನೆ ಹಬ್ಬದ ಪ್ರಾರ್ಥನೆಯಲ್ಲಿ ದೇವರನ್ನು ‘ತಾಯಿ’ ಎನ್ನಬಹುದೇ?

ಪರ: ಹಾಲುಗಟ್ಟಿದ ತೆನೆ ಕೈಯಲ್ಲಿದೆ

ಆಗಸ್ಟ್ 30ರಿಂದ ಒಂಬತ್ತು ದಿನ, ಕಾಸರಗೋಡಿನ ಬೇಳದಿಂದ ಮಂಜೇಶ್ವರದವರೆಗಿನ ಇಗರ್ಜಿಗಳಲ್ಲಿ (ಚರ್ಚ್‌ಗಳಲ್ಲಿ) ಮಕ್ಕಳು ಹೂ ಸುರಿಯುವುದು ಒಂದು ಹೆಣ್ಣುಕೂಸಿನ ಮೂರ್ತಿಯ ಮುಂದೆ. ಸೆಪ್ಟೆಂಬರ್ 8 ಯೇಸುವಿನ ತಾಯಿ ಮರಿಯಮ್ಮ ಹುಟ್ಟಿದ ದಿನ; ಕೊಂಕಣಿ ಕಥೋಲಿಕರ ತೆನೆ ಹಬ್ಬ, ಮೊಂತಿ ಫೆಸ್ತ್. ಅಂದು ಆಶೀರ್ವದಿಸಿದ ತೆನೆ ಮನೆಮನೆಗೆ ಹೋಗುತ್ತದೆ. ಕಾಳು ಸುಲಿದು ಪುಡಿ ಮಾಡಿ ತೆಂಗಿನ ಹಾಲಿಗೋ ಪಾಯಸಕ್ಕೋ ಬೆರೆಸಿ ಮನೆಯ ಹಿರಿಯರು ಹಂಚುತ್ತಾರೆ. ಆಮೇಲೆ ಬಾಳೆಲೆಯಲ್ಲಿ ಐದೋ ಏಳೋ ಒಂಬತ್ತೋ ಬಗೆ ತರಕಾರಿ, ಲೆಕ್ಕ ಬೆಸವೇ ಇರಬೇಕು. ಮೀನು ಆ ದಿನ ಅಡುಗೆಮನೆಗೆ ಬರುವುದಿಲ್ಲ.

ತೆನೆಯ ಹದ ತಪ್ಪುವುದೂ ಉಂಟು. ಏಣೆಲು (ಮಳೆಗಾಲದ ಭತ್ತದ ಬೆಳೆ) ನಾಟಿ ತಡವಾದ ವರ್ಷ ಕಾಳನ್ನು ಉಗುರಲ್ಲಿ ಒತ್ತಿದರೆ ಹಾಲು ಚಿಮ್ಮುತ್ತದೆ, ಅಕ್ಕಿ ಸಿಗುವುದಿಲ್ಲ. ಆ ಹಾಲುಗಾಳನ್ನು ಹಿಡಿದು ನಿಂತವರಿಗೆ ‘ತನ್ನ ಮೊಲೆಗೂಸನ್ನು ತಾಯಿ ಮರೆತಾಳೇ?’ ಎಂದು ಬೈಬಲಿನ ಯೆಶಾಯ 49:15ರಲ್ಲಿ ದೇವರು ಕೇಳುವ ಪ್ರಶ್ನೆಗೆ ವ್ಯಾಖ್ಯಾನ ಬೇಕಿಲ್ಲ. ಆದರೆ ಒಂಬತ್ತು ದಿನದ ಪ್ರಾರ್ಥನೆಯಲ್ಲಿ ಕೇಳುವುದು ‘ತಂದೆಯೇ, ಪ್ರಭುವೇ’ ಮಾತ್ರ.

ಮೂಲಕ್ಕೆ ಹೋಗಿ. ಧರ್ಮೋಪದೇಶಕಾಂಡ 32:18 ‘ನಿನ್ನನ್ನು ಹೆತ್ತ ದೇವರು’ ಎನ್ನುತ್ತದೆ. ಆದಿಕಾಂಡದ ಎರಡನೇ ವಚನದಲ್ಲಿ ನೀರಿನ ಮೇಲೆ ಸುಳಿದಾಡುವ ಆತ್ಮ, ‘ರೂಅಹ್’, ಹೀಬ್ರೂ ಭಾಷೆಯಲ್ಲಿ ಸ್ತ್ರೀಲಿಂಗ; ಮರಿಗಳ ಮೇಲೆ ಹದ್ದು ರೆಕ್ಕೆಯಾಡಿಸುವುದಕ್ಕೂ ಅದೇ ಕ್ರಿಯಾಪದ. ಗ್ರೀಕಿನಲ್ಲಿ ಆತ್ಮ ನಪುಂಸಕವಾಯಿತು, ಲ್ಯಾಟಿನ್‌ನಲ್ಲಿ ಪುಲ್ಲಿಂಗ. ನಮ್ಮ ಕೊಂಕಣಿಗೆ ಬಂದಾಗ ‘ಆತ್ಮೊ’, ಕೊನೆಯ ಒಕಾರದಲ್ಲೇ ಗಂಡಾಗಿಬಿಟ್ಟಿತು. ಸಿರಿಯಾಕ್ (ಅರಾಮಿಕ್‌ನ ಒಂದು ರೂಪ) ಭಾಷೆಯ ಹಳೆಯ ಕ್ರೈಸ್ತ ಬರಹಗಾರರು ಮಾತ್ರ ಆತ್ಮವನ್ನು ತಾಯಿ ಎನ್ನಲು ಅಂಜಲಿಲ್ಲ. ಕಾಸರಗೋಡಿನ ಪೂರ್ವದ ಗುಡ್ಡಗಳಲ್ಲಿ ನೆಲೆಸಿರುವ ಸಿರೋ ಮಲಬಾರ್ ಸಭೆಯವರದ್ದು ಅದೇ ಸಿರಿಯಾಕ್ ಪರಂಪರೆ. 1978ರಲ್ಲಿ, ಮೊಂತಿ ಹಬ್ಬ ಕಳೆದ ಎರಡೇ ದಿನಕ್ಕೆ, ಪೋಪ್ ಒಂದನೇ ಜಾನ್ ಪಾಲ್ ದೇವರು ತಂದೆ, ಅದಕ್ಕಿಂತಲೂ ಹೆಚ್ಚಾಗಿ ತಾಯಿ ಎಂದು ಹೇಳಿದರು.

ಬಲಿಪೂಜೆಯ (ಮಾಸ್‌ನ) ನಿಗದಿತ ಪಠ್ಯ ಮುಟ್ಟುವುದು ಬೇಡ. ಅದರ ನಡುವೆ ಬಿನ್ನಹಗಳನ್ನು ಸಲ್ಲಿಸುವ ‘ವಿಶ್ವಾಸಿಗಳ ಪ್ರಾರ್ಥನೆ’ಯನ್ನು ಊರವರೇ ಬರೆಯಬಹುದು, ಜಾಗ ಇರುವುದು ಅಲ್ಲೇ. ‘ದೇವನು ನೋಡುತ್ತಾನೆ’ ಬದಲು ‘ದೇವರು ನೋಡುತ್ತಾರೆ’ ಎಂದು ಬರೆದರೆ ಲಿಂಗದ ಗಂಟು ಅರ್ಧ ಬಿಚ್ಚಿದ ಹಾಗೆ, ಕನ್ನಡದ ಬಹುವಚನಕ್ಕೆ ಆ ಸೌಲಭ್ಯವಿದೆ. ಒಂದು ಬಿನ್ನಹಕ್ಕೆ ಒಂದೇ ಸಂಬೋಧನೆ ಸಾಕು. ಒಂದೇ ವಾಕ್ಯದಲ್ಲಿ ‘ತಂದೆಯೇ’, ‘ತಾಯಿಯೇ’ ಎರಡೂ ಬಂದರೆ ಕೇಳುವವರಿಗೆ ಇಬ್ಬರು ದೇವರು ಎದುರು ಬಂದು ಕೂತಂತಾಗುತ್ತದೆ.

ವಿರೋಧ: ‘ತಾಯಿಯಂತೆ’ ಬೇರೆ, ‘ತಾಯಿಯೇ’ ಬೇರೆ

ಇಡೀ ಜಗಳ ಇರುವುದು ಒಂದು ಪ್ರತ್ಯಯದಲ್ಲಿ. ಯೆಶಾಯ 66:13 ದೇವರು ತಾಯಿಯಂತೆ ಸಂತೈಸುತ್ತಾರೆ ಎನ್ನುತ್ತದೆ. ಮತ್ತಾಯ 23:37ರಲ್ಲಿ ಕ್ರಿಸ್ತರು ಮರಿಗಳನ್ನು ರೆಕ್ಕೆಯಡಿ ಕೂಡಿಸುವ ಕೋಳಿಗೆ ತಮ್ಮನ್ನು ಹೋಲಿಸಿಕೊಂಡರು. ಹಾಗೆಂದು ಯಾರೂ ‘ಕೋಳಿಯೇ’ ಎಂದು ಪ್ರಾರ್ಥಿಸುವುದಿಲ್ಲವಲ್ಲ! ಹೋಲಿಕೆ ಧಾರಾಳವಾಗಿರಲಿ, ಹೆಸರು ಮಾತ್ರ ಕ್ರಿಸ್ತರು ಕಲಿಸಿದ್ದು, ‘ಅಬ್ಬಾ’, ಅಂದರೆ ಅವರ ಅರಾಮಿಕ್ ನುಡಿಯಲ್ಲಿ ‘ತಂದೆ’. ಕಥೋಲಿಕ ಧರ್ಮೋಪದೇಶ ಗ್ರಂಥದ 239ನೇ ಕಂಡಿಕೆಯೂ ತಾಯ್ತನದ ಚಿತ್ರವನ್ನು ಒಪ್ಪಿ, ದೇವರು ಗಂಡೂ ಅಲ್ಲ ಹೆಣ್ಣೂ ಅಲ್ಲ ಎನ್ನುತ್ತದೆ. ವ್ಯಾಕರಣದ ಸ್ತ್ರೀಲಿಂಗದಿಂದ ಯಾರೂ ಹೆಣ್ಣಾಗುವುದಿಲ್ಲ, ಕೊಂಕಣಿ ಬಲ್ಲವರಿಗೆ ಇದು ಹೊಸತಲ್ಲ.

ಸಂಬೋಧನೆ ಸಡಿಲವಾದರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆ ಇದೆ. ಕೆಲವು ಕಡೆ ‘ಪಿತ, ಸುತ’ ಬಿಟ್ಟು ‘ಸೃಷ್ಟಿಕರ್ತ, ಉದ್ಧಾರಕ, ಪಾವನಗೊಳಿಸುವವ’ ಎಂದು ಜ್ಞಾನಸ್ನಾನ (ಬ್ಯಾಪ್ಟಿಸಂ) ಕೊಟ್ಟರು. 2008ರಲ್ಲಿ ರೋಮ್ ಅದನ್ನು ಅಸಿಂಧುವೆಂದಿತು. ಹಾಗೆ ಪಡೆದವರು ಮತ್ತೆ ಜ್ಞಾನಸ್ನಾನ ಪಡೆಯಬೇಕು.

ನಮ್ಮ ಊರಿಗೆ ಇನ್ನೊಂದು ತೊಡಕು. ಇಲ್ಲಿ ‘ಅಮ್ಮ’ ಖಾಲಿ ಪದವಲ್ಲ. ಮರಿಯಮ್ಮನಿಗೂ ಮಾರಿಯಮ್ಮನಿಗೂ ನಡುವೆ ಇರುವುದು ಒಂದು ದೀರ್ಘ. ತೆನೆ ಹಬ್ಬದಂದು, ಮರಿಯಮ್ಮನ ಮೂರ್ತಿಯ ಎದುರು ನಿಂತು ದೇವರನ್ನು ‘ತಾಯೇ’ ಎಂದರೆ ಮಕ್ಕಳ ಕಣ್ಣು ಮೂರ್ತಿಯತ್ತಲೇ ಹೋಗುತ್ತದೆ. ಕ್ರಿ.ಶ. 431ರ ಎಫೆಸದಲ್ಲಿ ಕೂಡಿದ ಧರ್ಮಾಧ್ಯಕ್ಷರ (ಬಿಷಪ್‌ಗಳ) ಸಭೆ ಆಕೆಯನ್ನು ದೇವಮಾತೆ ಎಂದಿತೇ ಹೊರತು ದೇವಿ ಎನ್ನಲಿಲ್ಲ. ಅದಕ್ಕೂ ಮೊದಲೇ, ನಾಲ್ಕನೇ ಶತಮಾನದಲ್ಲಿ, ಮರಿಯಮ್ಮನಿಗೆ ರೊಟ್ಟಿಯ ನೈವೇದ್ಯ ಇಡುತ್ತಿದ್ದವರನ್ನು ಸೈಪ್ರಸ್‌ನ ಧರ್ಮಾಧ್ಯಕ್ಷ ಎಪಿಫಾನಿಯಸ್ ತರಾಟೆಗೆ ತೆಗೆದುಕೊಂಡಿದ್ದ.

ಇಷ್ಟಕ್ಕೂ ಪದ ಬದಲಿಸುವುದು ಅಗ್ಗದ ಕೆಲಸ. ಒಂಬತ್ತು ಬಗೆ ಅಡುಗೆಗೆ ಕೆಸುವಿನ ದಂಟು ಸಿಪ್ಪೆ ತೆಗೆದು ಕೈ ತುರಿಸಿಕೊಳ್ಳುವವರು ಯಾರು? ಹೂವಿನ ಬುಟ್ಟಿ ಹೊಂದಿಸುವವರು ಯಾರು? ವಾಚಕ ಮತ್ತು ಪೂಜಾ ಸಹಾಯಕ ಸೇವೆಗಳನ್ನು 2021ರ ಜನವರಿಯಲ್ಲಿ ಪೋಪ್ ಫ್ರಾನ್ಸಿಸ್ ಮಹಿಳೆಯರಿಗೆ ವಿಧಿವತ್ತಾಗಿ ತೆರೆದರು. ಅದಕ್ಕೆ ತಯಾರಿ ಬೇಕು: ಓದುವ ಅಭ್ಯಾಸ, ಬೈಬಲ್ ತರಬೇತಿ, ಧರ್ಮಾಧ್ಯಕ್ಷರ ಅನುಮತಿ. ಆಗಸ್ಟ್ 30ಕ್ಕೆ ಮೊದಲು ಸಮಿತಿ ಕೂತು ಈ ಸೇವೆಗಳಿಗೆ ಪಟ್ಟಿ ಮಾಡುವಾಗ ಆ ಹೆಂಗಸರ ಹೆಸರುಗಳಿಂದಲೇ ಶುರು ಮಾಡಲಿ.