ಹಳೆಯ ಕರಾರಿಗೆ ತೇಪೆ ಸಾಕಿತ್ತೇ? ಅಮೆರಿಕದ 1787: ಪರ-ವಿರೋಧ

1787ರ ಮೇ 25ರಿಂದ ಸೆಪ್ಟೆಂಬರ್ 17ರವರೆಗೆ ಫಿಲಡೆಲ್ಫಿಯಾದಲ್ಲಿ ಬಾಗಿಲು ಮುಚ್ಚಿಕೊಂಡು ಒಂದು ಸಭೆ ನಡೆಯಿತು. ಬಂದುಹೋದವರೆಲ್ಲ ಸೇರಿ 55 ಪ್ರತಿನಿಧಿಗಳು. 13 ರಾಜ್ಯಗಳ ನಡುವೆ ಇದ್ದ 'ಆರ್ಟಿಕಲ್ಸ್ ಆಫ್ ಕಾನ್ಫೆಡರೇಷನ್' ಎಂಬ ಒಕ್ಕೂಟದ ಕರಾರನ್ನು ತಿದ್ದಲು ಅವರನ್ನು ಕಳಿಸಲಾಗಿತ್ತು. ಅವರು ಅದನ್ನು ಬದಿಗಿಟ್ಟು ಹೊಸ ಸಂವಿಧಾನವನ್ನೇ ಬರೆದರು. ಹೊಸದು ನಿಜಕ್ಕೂ ಬೇಕಿತ್ತೇ?

ಪರ: ತಿದ್ದಲು ಎರಡು ಸಲ ನೋಡಿಯಾಗಿತ್ತು

ಹಳೆಯ ಕರಾರಿನಡಿ ಕೇಂದ್ರ ದುರ್ಬಲವಾಗಿತ್ತು ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವುದು ರೂಢಿ. ಎಲ್ಲಿ, ಹೇಗೆ ದುರ್ಬಲ ಎಂದು ಬಿಡಿಸಿ ನೋಡಿದರೆ ಮಾತ್ರ ತಿದ್ದುಪಡಿಯಿಂದ ಕೆಲಸ ಆಗುತ್ತಿತ್ತೇ ಎಂಬುದು ತಿಳಿಯುತ್ತದೆ. ದುಡ್ಡಿನಿಂದ ಶುರುಮಾಡೋಣ.

ರಾಜ್ಯಗಳ ಪ್ರತಿನಿಧಿಗಳು ಕೂಡುತ್ತಿದ್ದ ಒಕ್ಕೂಟದ ಸಭೆ 'ಕಾಂಗ್ರೆಸ್'. ಅದಕ್ಕೆ ಒಬ್ಬನೇ ಒಬ್ಬ ವ್ಯಕ್ತಿಯ ಮೇಲೂ ತೆರಿಗೆ ಹಾಕುವ ಅಧಿಕಾರ ಇರಲಿಲ್ಲ. ವರ್ಷಕ್ಕೆ ಬೇಕಾದ ಮೊತ್ತ ಲೆಕ್ಕಹಾಕಿ, ರಾಜ್ಯಗಳಿಗೆ ಹಂಚಿ, ಕೊಡಿ ಎಂದು ಕೇಳಬೇಕು. ಜಮೀನು ಮತ್ತು ಅದರ ಮೇಲಿನ ಕಟ್ಟಡಗಳ ಬೆಲೆಗೆ ತಕ್ಕಂತೆ ಹಂಚಿಕೆ ಆಗಬೇಕೆಂದು ಕರಾರಿನ 8ನೇ ವಿಧಿ ಹೇಳುತ್ತಿತ್ತು. ಆ ಬೆಲೆಕಟ್ಟುವ ಕೆಲಸ ಕೊನೆಗೂ ಪೂರ್ತಿಯಾಗಲಿಲ್ಲ, ಹಾಗಾಗಿ ಪ್ರತಿ ರಾಜ್ಯಕ್ಕೂ 'ನಮ್ಮ ಪಾಲು ಜಾಸ್ತಿಯಾಯಿತು' ಎನ್ನಲು ನೆಪ ಸಿಕ್ಕಿತು. ಕೊಡದಿದ್ದರೆ ದಂಡವಿಲ್ಲ, ವಸೂಲಿಗೆ ಕೋರ್ಟಿಲ್ಲ. 1782ರ ಖರ್ಚಿಗೆಂದು 80 ಲಕ್ಷ ಡಾಲರ್ ಕೇಳಿದರೆ ವರ್ಷ ಮುಗಿಯುವ ಹೊತ್ತಿಗೆ ಬಂದದ್ದು ಸುಮಾರು 4.2 ಲಕ್ಷ. 1786ರ ಫೆಬ್ರವರಿಯಲ್ಲಿ ನ್ಯೂ ಜೆರ್ಸಿ ತನ್ನ ಪಾಲು ಕೊಡುವುದಿಲ್ಲ ಎಂದು ಠರಾವನ್ನೇ ಮಾಡಿತು. ಇದನ್ನು ಜಿಪುಣತನ ಎಂದು ಬೈದು ಪ್ರಯೋಜನವಿಲ್ಲ. ಪಕ್ಕದ ರಾಜ್ಯ ಕೊಡದೆ ಪಾರಾಗುವುದನ್ನು ಕಣ್ಣಾರೆ ಕಂಡಮೇಲೆ, ಪೂರ್ತಿ ಕೊಡುವ ರಾಜ್ಯ ತನ್ನ ರೈತರಿಗೆ ಏನೆಂದು ಉತ್ತರ ಹೇಳಬೇಕು?

ನೋಟು ಅಚ್ಚುಹಾಕಿ ನಡೆಸುವ ದಾರಿ ಬ್ರಿಟನ್ ವಿರುದ್ಧದ ಸ್ವಾತಂತ್ರ್ಯ ಯುದ್ಧದ ಕಾಲದಲ್ಲೇ ಮುಗಿದುಹೋಗಿತ್ತು. 20 ಕೋಟಿ ಡಾಲರಿಗೂ ಮೀರಿ ಅಚ್ಚಾದ 'ಕಾಂಟಿನೆಂಟಲ್' ನೋಟಿನ 40 ಡಾಲರ್ ಎಂದರೆ ಬೆಳ್ಳಿಯ 1 ಡಾಲರ್ ಎಂದು 1780ರ ಮಾರ್ಚ್‌ನಲ್ಲಿ ಕಾಂಗ್ರೆಸ್ಸೇ ಒಪ್ಪಿಕೊಂಡಿತು.

ಹಾಗಾದರೆ ಕರಾರನ್ನು ತಿದ್ದಬಹುದಿತ್ತಲ್ಲ? ನೋಡಿದರು. 1781ರಲ್ಲಿ ಆಮದು ಸರಕಿನ ಮೇಲೆ ಶೇ. 5 ಸುಂಕ ಹಾಕುವ ಅಧಿಕಾರ ಕೊಡಿ ಎಂದು ಕಾಂಗ್ರೆಸ್ ರಾಜ್ಯಗಳನ್ನು ಕೇಳಿತು. ತಿದ್ದುಪಡಿಗೆ ಹದಿಮೂರಕ್ಕೆ ಹದಿಮೂರೂ ಒಪ್ಪಬೇಕೆಂಬುದು ಕರಾರಿನ ಕೊನೆಯ ವಿಧಿ. 1782ರ ನವೆಂಬರ್‌ನಲ್ಲಿ ರೋಡ್ ಐಲೆಂಡ್ ಆಗದು ಎಂದಿತು, ಅದರ ಹಿಂದೆಯೇ ವರ್ಜೀನಿಯಾ ಕೊಟ್ಟ ಒಪ್ಪಿಗೆಯನ್ನು ವಾಪಸು ಪಡೆಯಿತು. 1783ರ ಏಪ್ರಿಲ್‌ನಲ್ಲಿ ಇನ್ನಷ್ಟು ಮೆತ್ತಗೆ ಮಾಡಿ ಮತ್ತೆ ಕೇಳಿದರು: ಸುಂಕ 25 ವರ್ಷಕ್ಕೆ ಮಾತ್ರ, ಹಣ ಸಾಲಕ್ಕೆ ಮಾತ್ರ, ವಸೂಲಿ ಅಧಿಕಾರಿಗಳನ್ನು ರಾಜ್ಯಗಳೇ ನೇಮಿಸಲಿ. ಈ ಸಲ ಸಿಕ್ಕಿಕೊಂಡದ್ದು ನ್ಯೂಯಾರ್ಕಿನಲ್ಲಿ. ನೆರೆಯ ನ್ಯೂ ಜೆರ್ಸಿ, ಕನೆಕ್ಟಿಕಟ್‌ಗಳಿಗೆ ಹೋಗುವ ಸರಕೂ ಆ ಬಂದರಿನಲ್ಲೇ ಇಳಿಯುತ್ತಿತ್ತು, ಆ ಸುಂಕವೆಲ್ಲ ನ್ಯೂಯಾರ್ಕಿನ ಖಜಾನೆಗೆ. ಅಂಥ ಆದಾಯವನ್ನು ಯಾರು ತಾನಾಗಿ ಬಿಡುತ್ತಾರೆ? 1786ರಲ್ಲಿ ಅದು ಹಾಕಿದ ಷರತ್ತುಗಳು ನಿರಾಕರಣೆಗೆ ಸಮವಾಗಿದ್ದವು.

ದುಡ್ಡು ಒಂದು ಕಡೆ, ಸಭೆ ಸೇರುವುದೇ ಇನ್ನೊಂದು ಕಷ್ಟ. ರಾಜ್ಯಕ್ಕೆ ಒಂದು ಮತ, ಆದರೆ ಕನಿಷ್ಠ ಇಬ್ಬರು ಸದಸ್ಯರು ಹಾಜರಿದ್ದರೆ ಮಾತ್ರ ಅದು ಲೆಕ್ಕಕ್ಕೆ. ಇಬ್ಬರೇ ಇದ್ದು ಅಭಿಪ್ರಾಯ ಎರಡಾದರೆ ಆ ರಾಜ್ಯದ ಮತ ಸೊನ್ನೆ. ಯುದ್ಧ, ಒಪ್ಪಂದ, ಸಾಲ, ನಾಣ್ಯ ಇವಕ್ಕೆ 9 ರಾಜ್ಯಗಳ ಮತ ಬೇಕು. 1783ರ ಸೆಪ್ಟೆಂಬರ್ 3ರಂದು ಪ್ಯಾರಿಸ್ಸಿನಲ್ಲಿ ಬ್ರಿಟನ್ ಜೊತೆ ಸಹಿಯಾದ ಶಾಂತಿ ಒಪ್ಪಂದವನ್ನು ಆರು ತಿಂಗಳೊಳಗೆ ಅಂಗೀಕರಿಸಿ ವಿನಿಮಯ ಮಾಡಿಕೊಳ್ಳಬೇಕಿತ್ತು. ಡಿಸೆಂಬರ್‌ನಲ್ಲಿ ಅನಾಪೊಲಿಸ್‌ನಲ್ಲಿ ಕೂತ ಕಾಂಗ್ರೆಸ್ಸಿಗೆ 9 ರಾಜ್ಯಗಳೇ ಸಿಗಲಿಲ್ಲ. ಏಳೇ ಸಾಕು ಎನ್ನೋಣವೇ ಎಂಬ ಚರ್ಚೆಯೂ ನಡೆಯಿತು. ಫಿಲಡೆಲ್ಫಿಯಾದಲ್ಲಿ ಕಾಯಿಲೆ ಬಿದ್ದಿದ್ದ ದಕ್ಷಿಣ ಕೆರೊಲಿನಾದ ಸದಸ್ಯ ಬಂದು ಕೂತಮೇಲೆ ಲೆಕ್ಕ ಕೂಡಿಬಂದು, 1784ರ ಜನವರಿ 14ರಂದು ಅಂಗೀಕಾರವಾಯಿತು. ಕಾಗದ ಹಡಗಿನಲ್ಲಿ ಅಟ್ಲಾಂಟಿಕ್ ದಾಟುವಷ್ಟರಲ್ಲಿ ಗಡುವು ಮೀರಿಹೋಗಿತ್ತು. ಎಂಟು ವರ್ಷದ ಯುದ್ಧ ಗೆದ್ದ ದೇಶ ತನ್ನ ಗೆಲುವಿನ ಪತ್ರಕ್ಕೆ ಮುದ್ರೆ ಹಾಕಲು ಪಟ್ಟ ಪಾಡು ಇದು.

ಇದರ ಫಲ ಮೂರು ಕಡೆ ಕಂಡಿತು. ಫ್ರಾನ್ಸಿಗೆ ಕೊಡಬೇಕಾದ ಬಡ್ಡಿ 1785ರಲ್ಲಿ ನಿಂತಿತು, ಡಚ್ಚರ ಸಾಲದ ಬಡ್ಡಿಯನ್ನು ಡಚ್ಚರಿಂದಲೇ ಹೊಸ ಸಾಲ ತಂದು ಕಟ್ಟುವ ಸ್ಥಿತಿ ಬಂತು. ಅದೇ ವರ್ಷ ಕಾಂಗ್ರೆಸ್ ತನ್ನ ಕೊನೆಯ ಯುದ್ಧನೌಕೆ 'ಅಲಯನ್ಸ್' ಅನ್ನು ಮಾರಿತು. ಆ ಬೇಸಗೆಯಲ್ಲೇ ಉತ್ತರ ಆಫ್ರಿಕದ ಆಲ್ಜಿಯರ್ಸಿನವರು ಎರಡು ಅಮೆರಿಕನ್ ವ್ಯಾಪಾರಿ ಹಡಗು ಹಿಡಿದು 21 ಜನರನ್ನು ಸೆರೆಗೆ ತಳ್ಳಿದರೆ ಬಿಡಿಸಲು ನೌಕೆಯೂ ಇಲ್ಲ, ಹಣವೂ ಇಲ್ಲ. 1786-87ರಲ್ಲಿ ಪಶ್ಚಿಮ ಮ್ಯಾಸಚೂಸೆಟ್ಸಿನ ರೈತರು ಡೇನಿಯಲ್ ಶೇಸ್ ಮೊದಲಾದವರ ಮುಂದಾಳ್ತನದಲ್ಲಿ ಕೋರ್ಟುಗಳನ್ನು ಮುಚ್ಚಿಸಿ, ಸ್ಪ್ರಿಂಗ್‌ಫೀಲ್ಡ್‌ನಲ್ಲಿದ್ದ ಒಕ್ಕೂಟದ ಶಸ್ತ್ರಾಗಾರಕ್ಕೇ ನುಗ್ಗಲು ಬಂದರು. ಅದನ್ನು ಕಾಯಲು ಒಕ್ಕೂಟದ ಸೈನ್ಯ ಇರಲಿಲ್ಲ. ರಾಜ್ಯದ ಮಿಲಿಷಿಯಾ (ನಾಗರಿಕರ ಪಡೆ), ಕಾಂಗ್ರೆಸ್ಸಿನ ಅಪ್ಪಣೆಗೆ ಕಾಯದೆ, ಅದೇ ಶಸ್ತ್ರಾಗಾರದ ಬಂದೂಕು ತೆಗೆದು ಅದನ್ನು ಕಾಯಬೇಕಾಯಿತು. ಹಿಂದಿನಿಂದ ಬಂದ ದೊಡ್ಡ ಪಡೆಗೆ ಬಾಸ್ಟನ್ನಿನ ವರ್ತಕರು ಚಂದಾ ಎತ್ತಿದರು.

ಕೇಂದ್ರದ ಕಾನೂನು ರಾಜ್ಯಕ್ಕೆ ಬರೆದ ಪತ್ರವಾಗಿರಬಾರದು, ನೇರವಾಗಿ ಪ್ರಜೆಯನ್ನು ಮುಟ್ಟಬೇಕು. ಅದನ್ನು ಜಾರಿಗೊಳಿಸಲು ಸ್ವಂತ ಅಧಿಕಾರಿ, ಸ್ವಂತ ಕೋರ್ಟು ಬೇಕು. ಒಮ್ಮೆ ಇದನ್ನು ಒಪ್ಪಿದರೆ ಹಳೆಯ ಕರಾರಿನಲ್ಲಿ ಉಳಿಯುವುದೇನು? ಸದಸ್ಯರನ್ನು ರಾಜ್ಯಗಳು ನೇಮಿಸಿ, ಬೇಕೆಂದಾಗ ವಾಪಸು ಕರೆಸಿಕೊಳ್ಳುವ ಒಂದೇ ಸದನದ ಸಭೆಯ ಕೈಗೆ ತೆರಿಗೆಯ ಅಧಿಕಾರ ಕೊಡಲು ಯಾರೂ ಧೈರ್ಯ ಮಾಡರು. ಆದ್ದರಿಂದಲೇ ಎರಡು ಸದನ, ಕಾರ್ಯಾಂಗ, ನ್ಯಾಯಾಂಗ ಒಂದರ ಹಿಂದೊಂದು ಬಂದವು. 1789ರ ಜುಲೈ 4ರಂದು ಹೊಸ ಸರ್ಕಾರದ ಸುಂಕ ಕಾಯ್ದೆಗೆ ಸಹಿ ಬಿತ್ತು. ಎಂಟು ವರ್ಷ ಬೇಡಿದರೂ ಸಿಗದ ಅಧಿಕಾರ ಮೊದಲ ಅಧಿವೇಶನದಲ್ಲೇ ಕೆಲಸಕ್ಕೆ ಬಂತು.

ಹೊಸ ಸಂವಿಧಾನದಲ್ಲಿ ಪ್ರಜೆಗಳ ಹಕ್ಕುಗಳ ಪಟ್ಟಿ ಇಲ್ಲದಿದ್ದದ್ದು ದೊಡ್ಡ ಕೊರತೆ, ನಿಜ. ಹೊಸ ಕಾಂಗ್ರೆಸ್ಸಿನ ಸದಸ್ಯ ಜೇಮ್ಸ್ ಮ್ಯಾಡಿಸನ್ ಅದರ ಪ್ರಸ್ತಾವ ಮಂಡಿಸಿದ್ದು 1789ರ ಜೂನ್ 8ರಂದು, ಹತ್ತು ತಿದ್ದುಪಡಿಗಳು ಜಾರಿಗೆ ಬಂದದ್ದು 1791ರ ಡಿಸೆಂಬರ್ 15ರಂದು. ಹಳೆಯ ಕರಾರು ತನ್ನ ಆಯುಷ್ಯವಿಡೀ ಒಂದು ತಿದ್ದುಪಡಿಯನ್ನೂ ಕಾಣಲಿಲ್ಲ.

ವಿರೋಧ: ಬೇಕಿದ್ದದ್ದು ಶೇ. 5ರ ಸುಂಕ, ಅಷ್ಟೇ

ಮೇಲಿನ ಸಂಗತಿಗಳನ್ನು ಒಪ್ಪುತ್ತೇನೆ. ತೀರ್ಮಾನವನ್ನಲ್ಲ.

ಹದಿಮೂರೂ ರಾಜ್ಯ ಒಪ್ಪದೆ ಏನೂ ತಿದ್ದಲಾಗದು, ಆದ್ದರಿಂದ ಹೊಸದು ಬೇಕಾಯಿತು ಎಂಬುದಲ್ಲವೇ ವಾದ? ಆದರೆ ಹೊಸ ಸಂವಿಧಾನ ಬಂದದ್ದು ಹದಿಮೂರರ ಒಪ್ಪಿಗೆಯಿಂದಲ್ಲ. 9 ರಾಜ್ಯ ಒಪ್ಪಿದರೆ ಆ ಒಂಬತ್ತರ ನಡುವೆ ಜಾರಿ ಎಂದು ಅದರ 7ನೇ ವಿಧಿ ತಾನೇ ಹೇಳಿಕೊಂಡಿತು. ಒಪ್ಪಿಗೆಯನ್ನು ಶಾಸನಸಭೆಗಳಿಂದ ತೆಗೆದು ವಿಶೇಷ ಸಭೆಗಳಿಗೆ ವಹಿಸಿತು. ನಿಯಮ ಮುರಿಯುವುದೇ ಆದರೆ ಸುಂಕವೊಂದಕ್ಕೆ ಮುರಿಯಬಹುದಿತ್ತಲ್ಲ? ಒಂಬತ್ತು ರಾಜ್ಯ ಒಪ್ಪಿದ ಶೇ. 5 ಸುಂಕ ಕಾಂಗ್ರೆಸ್ಸಿನದು ಎಂದಿದ್ದರೆ ಮುಖ್ಯ ರೋಗಕ್ಕೆ ಮದ್ದಾಗುತ್ತಿತ್ತು. 1787ರ ಫೆಬ್ರವರಿ 21ರ ಕಾಂಗ್ರೆಸ್ ಠರಾವು ಕೊಟ್ಟ ಕೆಲಸವೂ ಕರಾರನ್ನು ತಿದ್ದುವುದು ಮಾತ್ರ. ನ್ಯೂಯಾರ್ಕಿನ ಪ್ರತಿನಿಧಿಗಳಾದ ಯೇಟ್ಸ್ ಮತ್ತು ಲ್ಯಾನ್ಸಿಂಗ್ ಫಿಲಡೆಲ್ಫಿಯಾ ಸಭೆಯಿಂದ ಜುಲೈನಲ್ಲಿ ಎದ್ದುಹೋದದ್ದು ಇದೇ ಕಾರಣಕ್ಕೆ.

ರಾಜ್ಯಗಳ ಹಟವನ್ನು ಸಣ್ಣತನ ಎಂದು ಓದುವುದು ತಪ್ಪು. ವರ್ಜೀನಿಯಾದ ಶಾಸನಸಭೆ ಮೊದಲು ಸೇರಿದ್ದು 1619ರಲ್ಲಿ, ಜೇಮ್ಸ್‌ಟೌನ್‌ನ ಚರ್ಚಿನಲ್ಲಿ. ತೆರಿಗೆ ಹಾಕುವವನನ್ನು ತೆರಿಗೆ ಕಟ್ಟುವವನು ಆರಿಸಬೇಕು, ಅವನು ಕೈಗೆಟಕುವ ದೂರದಲ್ಲಿರಬೇಕು ಎಂಬುದು ಅಲ್ಲಿಂದ ಬಂದ ಅಭ್ಯಾಸ. ಕಾಗದಪತ್ರಗಳಿಗೆ ತೆರಿಗೆ ಹಾಕಿದ 1765ರ ಸ್ಟಾಂಪ್ ಕಾಯ್ದೆಯ ಮೇಲೆ ಬ್ರಿಟನ್ ಜೊತೆ ಜಗಳ ತೆಗೆದದ್ದೂ ಇದಕ್ಕೇ. ಇಡೀ ದೇಶಕ್ಕೆ 65 ಸದಸ್ಯರ ಕೆಳಮನೆ ಸಾಕು ಎಂದ ಸಂವಿಧಾನವನ್ನು ಆ ಜನ ಅನುಮಾನದಿಂದ ನೋಡಿದ್ದರಲ್ಲಿ ಆಶ್ಚರ್ಯವಿಲ್ಲ.

ಹಳೆಯ ಕಾಂಗ್ರೆಸ್ ಕೈಕಟ್ಟಿ ಕೂತಿತ್ತು ಎಂಬ ಚಿತ್ರವೂ ಪೂರ್ತಿ ಸರಿಯಲ್ಲ. ಹಣಕಾಸು, ಯುದ್ಧ, ವಿದೇಶಾಂಗಕ್ಕೆ ಇಲಾಖೆಗಳಿದ್ದವು, ಅಂಚೆ ಓಡುತ್ತಿತ್ತು. ವಯೋಮಿಂಗ್ ಕಣಿವೆ ಯಾರದು ಎಂದು ಕನೆಕ್ಟಿಕಟ್ ಮತ್ತು ಪೆನ್ಸಿಲ್ವೇನಿಯಾ ಕಾದಾಡಿದಾಗ ಕರಾರಿನ 9ನೇ ವಿಧಿಯಂತೆ ಟ್ರೆಂಟನ್ನಿನಲ್ಲಿ ನ್ಯಾಯಪೀಠ ಕೂತು 1782ರ ಡಿಸೆಂಬರ್‌ನಲ್ಲಿ ಪೆನ್ಸಿಲ್ವೇನಿಯಾದ ಪರ ತೀರ್ಪು ಕೊಟ್ಟಿತು.

ಭೂಮಿಯ ಕೆಲಸವನ್ನಂತೂ ಇಂದಿಗೂ ನೆಲದ ಮೇಲೆ ನೋಡಬಹುದು. ಒಹಾಯೊ ನದಿಯಾಚೆಯ ಕಾಡು ಒಕ್ಕೂಟದ ಸ್ವತ್ತಾದಮೇಲೆ, 1785ರ ಮೇ 20ರ ಭೂ ಕಾಯ್ದೆ (ಲ್ಯಾಂಡ್ ಆರ್ಡಿನೆನ್ಸ್) ಅಳತೆಯ ಕ್ರಮ ಗೊತ್ತುಮಾಡಿತು. 66 ಅಡಿಯ ಸರಪಳಿ, 80 ಸರಪಳಿಗೆ ಒಂದು ಮೈಲಿ. ಉದ್ದ 6 ಮೈಲಿ, ಅಗಲ 6 ಮೈಲಿಯ ಚೌಕ ಒಂದು ಟೌನ್‌ಶಿಪ್. ಅದನ್ನು ಒಂದು ಚದರ ಮೈಲಿಯ, ಅಂದರೆ 640 ಎಕರೆಯ 36 ತುಂಡು ಮಾಡಬೇಕು. 16ನೇ ತುಂಡು ಶಾಲೆಗೆ ಮೀಸಲು. ಎಕರೆಗೆ 1 ಡಾಲರಿಗಿಂತ ಕಡಿಮೆಗೆ ಮಾರುವಂತಿಲ್ಲ. ಆ ಸೆಪ್ಟೆಂಬರ್ ಕೊನೆಯಲ್ಲಿ ಪೆನ್ಸಿಲ್ವೇನಿಯಾದ ಪಶ್ಚಿಮ ಗಡಿ ಒಹಾಯೊ ನದಿಗೆ ತಾಗುವಲ್ಲಿ ಕಾಂಗ್ರೆಸ್ಸಿನ ಭೂಮಾಪಕ ಥಾಮಸ್ ಹಚಿನ್ಸ್ ಅಳತೆ ಶುರುಮಾಡಿದ. ಮಾರಾಟ ನಿಧಾನವಾಯಿತು: ಅಳೆಯುವುದೇ ತಡ, 640 ಎಕರೆ ಒಟ್ಟಿಗೆ ಕೊಳ್ಳುವ ಶಕ್ತಿ ಬಡ ರೈತನಿಗೆ ಇಲ್ಲ, ಮೇಲಾಗಿ ಆ ನೆಲದಲ್ಲಿ ಮೂಲನಿವಾಸಿಗಳು ಇದ್ದರು, ಅವರಲ್ಲಿ ಬಹಳಷ್ಟು ಮಂದಿ ಒಪ್ಪಿರಲಿಲ್ಲ. ಆದರೂ ರಾಜ್ಯಗಳ ಮುಂದೆ ಕೈಚಾಚದೆ ಕಾಂಗ್ರೆಸ್ಸಿಗೆ ಬರಬಹುದಾಗಿದ್ದ ಸ್ವಂತ ಆದಾಯ ಇದು. ಫಿಲಡೆಲ್ಫಿಯಾದಲ್ಲಿ ಹೊಸದು ಬರೆಯುತ್ತಿದ್ದಾಗಲೇ, 1787ರ ಜುಲೈ 13ರಂದು, ಈ 'ಸತ್ತ' ಕಾಂಗ್ರೆಸ್ ನ್ಯೂಯಾರ್ಕಿನಲ್ಲಿ ಕೂತು ವಾಯವ್ಯ ಪ್ರದೇಶದ ಕಾಯ್ದೆ (ನಾರ್ತ್‌ವೆಸ್ಟ್ ಆರ್ಡಿನೆನ್ಸ್) ಮಾಡಿತು. ಆ ಪ್ರದೇಶದಲ್ಲಿ ಗುಲಾಮಗಿರಿ ನಿಷೇಧ, ಜನಸಂಖ್ಯೆ 60,000 ಮುಟ್ಟಿದರೆ ಹಳೆಯ ರಾಜ್ಯಗಳಿಗೆ ಸಮನಾದ ಹೊಸ ರಾಜ್ಯ.

ನೌಕಾಪಡೆಯ ಮಾತು ಬಂದದ್ದರಿಂದ ಒಂದು ಸಂಗತಿ. 1782ರ ಏಪ್ರಿಲ್ 8ರಂದು ಡೆಲವೇರ್ ಕೊಲ್ಲಿಯಲ್ಲಿ ಬ್ರಿಟಿಷರ 'ಜನರಲ್ ಮಂಕ್' ಹಡಗನ್ನು ಹಿಡಿದದ್ದು ಕಾಂಗ್ರೆಸ್ಸಿನ ನೌಕೆಯಲ್ಲ. ಫಿಲಡೆಲ್ಫಿಯಾದ ವರ್ತಕರು ದುಡ್ಡು ಹಾಕಿ, ಪೆನ್ಸಿಲ್ವೇನಿಯಾ ಕಣಕ್ಕಿಳಿಸಿದ 16 ತೋಪಿನ ಹಡಗು. ಹೆಸರು 'ಹೈದರ್ ಅಲಿ', ಆಗ ಇಂಗ್ಲಿಷರ ಮೇಲೆ ಯುದ್ಧ ಹೂಡಿದ್ದ ನಮ್ಮ ಮೈಸೂರಿನ ಹೈದರನ ಹೆಸರೇ. ಕ್ಯಾಪ್ಟನ್ ಜೋಶುವಾ ಬಾರ್ನಿ ಚುಕ್ಕಾಣಿಯವನಿಗೆ ಮೊದಲೇ ಹೇಳಿಟ್ಟಿದ್ದ: ನಾನು ಕೂಗಿ ಹೇಳಿದ್ದಕ್ಕೆ ಉಲ್ಟಾ ತಿರುಗಿಸು. ಕೂಗನ್ನು ನಂಬಿದ ಎದುರಾಳಿ ತನ್ನ ಹಡಗು ತಿರುಗಿಸಿ ಸಿಕ್ಕಿಬಿದ್ದ. ತುರ್ತು ಬಂದಾಗ ರಾಜ್ಯಗಳಿಂದ ಏನೂ ಆಗುತ್ತಿರಲಿಲ್ಲ ಎನ್ನುವವರಿಗೆ ಇದು ನೆನಪಿರಲಿ.

ಇನ್ನು ಆಲ್ಜಿಯರ್ಸಿನ ಸೆರೆಯಾಳುಗಳು. ಬದುಕುಳಿದವರು ಬಿಡುಗಡೆ ಕಂಡದ್ದು 1796ರಲ್ಲಿ, ಹೊಸ ಸರ್ಕಾರ ಬಂದು ಏಳು ವರ್ಷವಾದ ಮೇಲೆ, ಅದೂ ಹಣ ಕೊಟ್ಟು. 1783ರ ಒಪ್ಪಂದದಂತೆ ಬಿಡಬೇಕಿದ್ದ ಡೆಟ್ರಾಯ್ಟ್, ನಯಾಗರಾ ಕೋಟೆಗಳನ್ನು ಬ್ರಿಟಿಷರು ಬಿಟ್ಟದ್ದೂ ಅದೇ ವರ್ಷ. ಕೋರಂ (ಸಭೆಗೆ ಬೇಕಾದ ಕನಿಷ್ಠ ಹಾಜರಿ) ಕಥೆಯೂ ಅಷ್ಟೆ. 1789ರ ಮಾರ್ಚ್ 4ಕ್ಕೆ ಸೇರಬೇಕಿದ್ದ ಹೊಸ ಕಾಂಗ್ರೆಸ್ಸಿನ ಕೆಳಮನೆಗೆ ಏಪ್ರಿಲ್ 1ರವರೆಗೆ, ಸೆನೆಟ್ಟಿಗೆ ಏಪ್ರಿಲ್ 6ರವರೆಗೆ ಸದಸ್ಯರು ಸಾಲಲಿಲ್ಲ. ರಸ್ತೆ ಕೆಟ್ಟದಾಗಿದ್ದರೆ ಯಾವ ಸಂವಿಧಾನ ಏನು ಮಾಡೀತು?

ಶೇಸ್ ದಂಗೆಯನ್ನು ಅಡಗಿಸಿದ್ದು ಮ್ಯಾಸಚೂಸೆಟ್ಸೇ. ಅದಕ್ಕಿಂತ ಮುಖ್ಯ, ದಂಗೆ ಎದ್ದದ್ದೇಕೆ ಎಂಬುದು. ಸೈನಿಕರಿಗೆ ಸಂಬಳದ ಬದಲು ಕೊಟ್ಟಿದ್ದ ಸಾಲಪತ್ರಗಳನ್ನು ಬಹಳಷ್ಟು ಮಂದಿ ಮುಖಬೆಲೆಯ ಸಣ್ಣ ಪಾಲಿಗೆ ಮಾರಿಕೊಂಡಿದ್ದರು. ರಾಜ್ಯ ಸಾಲ ತೀರಿಸಲು ಹಾಕಿದ ಭಾರಿ ತೆರಿಗೆಯನ್ನು ನಾಣ್ಯದಲ್ಲೇ ಕಟ್ಟಬೇಕು, ಪಶ್ಚಿಮದ ರೈತನ ಬಳಿ ನಾಣ್ಯ ಇಲ್ಲ, ದನ ಮತ್ತು ಜಮೀನು ಜಪ್ತಿ. 1787ರ ಏಪ್ರಿಲ್‌ನಲ್ಲಿ ಮತದಾರರು ಗವರ್ನರ್ ಬೌಡೊಯಿನ್‌ರನ್ನು ಸೋಲಿಸಿ ಜಾನ್ ಹ್ಯಾನ್‌ಕಾಕ್‌ರನ್ನು ತಂದರು, ಹೊಸ ಶಾಸನಸಭೆ ತೆರಿಗೆ ಇಳಿಸಿತು. ಕೆಳಗಿನ ಸದ್ದು ಮೇಲಕ್ಕೆ ಕೇಳಿಸಿತು. ಫಿಲಡೆಲ್ಫಿಯಾದಲ್ಲಿ ಸೇರಿದವರಲ್ಲಿ ಅನೇಕರಿಗೆ ಭಯ ಹುಟ್ಟಿಸಿದ್ದೇ ಈ ಕೇಳಿಸಿಕೊಳ್ಳುವಿಕೆ.

ಹೊಸದಕ್ಕೆ ತೆತ್ತ ಬೆಲೆ ಏನು? ಹಳೆಯ ಕರಾರಿನಲ್ಲಿ ರಾಜ್ಯಕ್ಕೆ ಒಂದೇ ಮತ ಇದ್ದುದರಿಂದ ಗುಲಾಮರನ್ನು ಎಷ್ಟೇ ಇಟ್ಟುಕೊಂಡರೂ ಮತ ಹೆಚ್ಚುತ್ತಿರಲಿಲ್ಲ. 1783ರಲ್ಲಿ ತೆರಿಗೆ ಹಂಚಿಕೆಗೆಂದು ಸೂಚಿಸಿದ್ದ ಐದರಲ್ಲಿ ಮೂರು ಪಾಲಿನ ಲೆಕ್ಕವನ್ನು (ಐದು ಗುಲಾಮರೆಂದರೆ ಮೂರು ಜನ ಎಂದು ಎಣಿಸುವುದು) 1787ರಲ್ಲಿ ಕೆಳಮನೆಯ ಸ್ಥಾನಗಳಿಗೂ ಅಂಟಿಸಿದರು. 1790ರ ಜನಗಣತಿ ತೆಗೆದು ನೋಡಿ. ಪೆನ್ಸಿಲ್ವೇನಿಯಾದ ಸ್ವತಂತ್ರ ಜನ 4,30,636, ವರ್ಜೀನಿಯಾದಲ್ಲಿ 4,54,983. ವ್ಯತ್ಯಾಸ ಒಂದು ಸ್ಥಾನಕ್ಕೂ ಸಾಲದು. ಆದರೆ ವರ್ಜೀನಿಯಾದ 2,92,627 ಗುಲಾಮರ ಬಲದಿಂದ ಸ್ಥಾನಗಳು ಹಂಚಿಕೆಯಾದದ್ದು ಪೆನ್ಸಿಲ್ವೇನಿಯಾಕ್ಕೆ 13, ವರ್ಜೀನಿಯಾಕ್ಕೆ 19. ಅಧ್ಯಕ್ಷರನ್ನು ಆರಿಸುವ ಎಲೆಕ್ಟರುಗಳ ಲೆಕ್ಕವೂ ಇದರ ಮೇಲೆಯೇ ನಿಂತಿತು. ಗುಲಾಮರ ಆಮದಿಗೆ 1808ರವರೆಗೆ ಕಾಂಗ್ರೆಸ್ ತಡೆ ಹಾಕುವಂತಿರಲಿಲ್ಲ. ಇದು ಸುಂಕದ ತಿದ್ದುಪಡಿಯೊಂದರಿಂದ ಬರುತ್ತಿರಲಿಲ್ಲ.

ಹಕ್ಕುಗಳ ಪಟ್ಟಿಯ ಕೀರ್ತಿಯನ್ನು ಹೊಸ ಸಂವಿಧಾನದ ಖಾತೆಗೆ ಬರೆಯುವುದು ಸರಿಯಲ್ಲ. 1787ರ ಸೆಪ್ಟೆಂಬರ್ 12ರಂದು ವರ್ಜೀನಿಯಾದ ಪ್ರತಿನಿಧಿ ಜಾರ್ಜ್ ಮೇಸನ್ ಅದನ್ನು ಕೇಳಿದಾಗ ಹಾಜರಿದ್ದ ಒಂದು ರಾಜ್ಯವೂ ಪರವಾಗಿ ಮತ ಹಾಕಲಿಲ್ಲ. ಸಂವಿಧಾನ ಒಪ್ಪುವ ಮತದಾನವನ್ನು ಮ್ಯಾಸಚೂಸೆಟ್ಸಿನಲ್ಲಿ 187-168, ವರ್ಜೀನಿಯಾದಲ್ಲಿ 89-79, ನ್ಯೂಯಾರ್ಕಿನಲ್ಲಿ 30-27ರ ಅಂತರಕ್ಕೆ ಇಳಿಸಿದ ವಿರೋಧಿಗಳು ಹೆದರಿಸಿದ್ದರಿಂದ ಅದು ಬಂತು.

ಒಪ್ಪಿಗೆ ಪಡೆದ ರೀತಿಯನ್ನೂ ನೋಡಬೇಕು. ಪೆನ್ಸಿಲ್ವೇನಿಯಾದ ಶಾಸನಸಭೆಗೆ 46 ಜನರ ಕೋರಂ. ಅವಸರ ಬೇಡ ಎಂದ ಸದಸ್ಯರು ಹೊರಗುಳಿದಾಗ ಸಭೆಯಲ್ಲಿ 44 ಜನ ಉಳಿದರು. 1787ರ ಸೆಪ್ಟೆಂಬರ್ 29ರ ಬೆಳಿಗ್ಗೆ ಗುಂಪೊಂದು ಜೇಮ್ಸ್ ಮೆಕಾಮಂಟ್, ಜೇಕಬ್ ಮೈಲಿ ಎಂಬ ಇಬ್ಬರನ್ನು ತಂಗಿದ್ದ ಮನೆಯಿಂದ ಎಳೆತಂದು ಕೂರಿಸಿತು. ಗೈರುಹಾಜರಿಯ ದಂಡ 5 ಷಿಲಿಂಗ್ ತಾನೇ, ತಗೊಳ್ಳಿ, ನನ್ನನ್ನು ಬಿಡಿ ಎಂದು ಮೆಕಾಮಂಟ್ ಜೇಬಿನಿಂದ ಬೆಳ್ಳಿ ತೆಗೆದ. ಬಿಡಲಿಲ್ಲ. ಕೋರಂ ಆಯಿತು, ಸಂವಿಧಾನಕ್ಕೆ ಒಪ್ಪಿಗೆ ಕೇಳುವ ವಿಶೇಷ ಸಭೆ ಕರೆಯುವ ಠರಾವು ಪಾಸಾಯಿತು.

ಜನರನ್ನೇ ನೇರವಾಗಿ ಕೇಳಿದ ರಾಜ್ಯ ರೋಡ್ ಐಲೆಂಡ್ ಒಂದೇ. 1788ರ ಮಾರ್ಚ್‌ನಲ್ಲಿ ಊರೂರಿನ ಸಭೆಗಳಲ್ಲಿ ವಿರುದ್ಧ ಬಿದ್ದ ಮತ 2,700ಕ್ಕೂ ಹೆಚ್ಚು, ಪರ ಸುಮಾರು 240. ಪರ ಇದ್ದವರಲ್ಲಿ ಬಹುಪಾಲು ಬಹಿಷ್ಕರಿಸಿದ್ದರು, ಅದನ್ನೂ ಹೇಳಬೇಕು. 1790ರ ಮೇನಲ್ಲಿ ಆ ರಾಜ್ಯದೊಡನೆ ವ್ಯಾಪಾರವನ್ನೇ ನಿಲ್ಲಿಸುವ ಮಸೂದೆಗೆ ಸೆನೆಟ್ ಒಪ್ಪಿಗೆ ಕೊಟ್ಟಿತು. ಅದಾಗಿ ಎರಡು ವಾರ ಕಳೆಯುವುದರೊಳಗೆ, ಮೇ 29ರಂದು, ರೋಡ್ ಐಲೆಂಡ್ 34-32ರಲ್ಲಿ ಸಂವಿಧಾನಕ್ಕೆ ಸಹಿ ಹಾಕಿತು.